ಬೀಗರಿಗೆಂದು ಕಟ್ಟಿದ ಸೋರೆಬುರುಡೆ

ಕಂದೀಲಿನ ಗಾಜಿನೊಳಗೆ ಕೈ ತೂರಿಸಿ, ಬೂದಿ ಹಚ್ಚಿದ ಅರಿವೆಯಿಂದ ಮಸಿ ಒರೆಸುತ್ತ ಪಡಸಾಲೆಯಲ್ಲಿ ಕೂತಿದ್ದೆ. ಮನೆಯಲ್ಲಿ ನನ್ನ ಕೈಯೇ ಸಣ್ಣದು, ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಆ ಕೆಲಸ ನನ್ನ ಪಾಲಿಗೇ ಬಿದ್ದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಓಡಿ ಬಂದು ಬಾಗಿಲಿಗೆ ಕೈಯೂರಿ ನಿಂತಳು. ನೀರಿಗೆ ಹೋದವಳ ಕೈಯಲ್ಲಿ ಕೊಡ ಇರಲಿಲ್ಲ.

"ಏ ತಂಗಿ, ಹೊಳಿಗೆ ನಡಿ ಲಗೂನ. ನಡುಹೊಳ್ಯಾಗ ಹರಗೋಲ ವಾಲೇತಂತ. ಒಬ್ಬಾಕಿ ಹೆಣಮಗಳು ನೀರಿಗೆ ಬಿದ್ಲಂತ."

"ಯಾರಬೇ?"

"ಯಾರಂತ ಗೊತ್ತಿಲ್ಲ. ವಯಸ್ಸಾದಾಕಿ ಅಂದ್ರು."

ಆ ಹರಿಗೋಲಿನಲ್ಲಿ ನನ್ನ ಅತ್ತೆ ಇದ್ದರು. ಹುಟ್ಟಿದ್ದು, ಬೆಳೆದಿದ್ದು, ಮದುವೆಯಾಗಿದ್ದು ಎಲ್ಲ ಕೃಷ್ಣೆಯ ದಂಡೆಯಲ್ಲೇ ಆದರೂ ಅವರಿಗೆ ಈಜು ಬರುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಒಂದು ಶ್ರಾವಣದ ಮಾತು. ಮುದ್ದೇಬಿಹಾಳ ತಾಲೂಕಿನ ನಮ್ಮೂರಿನಿಂದ ಆಚೆ ದಂಡೆಗೆ ಹೋಗಬೇಕೆಂದರೆ ಹರಿಗೋಲೇ ಗತಿ. ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿ ಅದು. ಅದರಲ್ಲಿ ಮನುಷ್ಯರು, ಜೋಳದ ಚೀಲ, ಒಮ್ಮೊಮ್ಮೆ ಆಡಿನ ಮರಿ, ಎಲ್ಲ ಒಟ್ಟಿಗೆ. ಆಚೆ ಊರಿನಲ್ಲಿ ನನ್ನ ನಾದಿನಿಗೆ ಎರಡನೆಯ ಹೆರಿಗೆಯಾಗಿತ್ತು. ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ಡಬ್ಬಿಗೆ ತುಂಬಿಕೊಂಡು ಅತ್ತೆ ಅಂದು ಮಧ್ಯಾಹ್ನ ಹೊರಟಿದ್ದರು.

ನನ್ನ ತವರು ಬಸವನ ಬಾಗೇವಾಡಿ ಕಡೆಯದು. ಅಲ್ಲಿ ನಮಗೆ ನೀರೆಂದರೆ ಬಾವಿ. ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ದಬ್ಬುತ್ತಿದ್ದರು, ಮುಳುಗಿದ ಮಕ್ಕಳನ್ನು ನಾನು ಕಂಡಿಲ್ಲ. ಹಾಗಾಗಿ ತುಂಬಿದ ಹೊಳೆ ಕಂಡಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ಅತ್ತೆಮನೆಯ ಚಪ್ಪರದಲ್ಲಿ ಒಣಗಿ ಜೋತಾಡುತ್ತಿದ್ದ ಎರಡು ಬುರುಡೆಗಳು. ಹೊರಡುವಾಗ ಅವನ್ನು ಅತ್ತೆಯ ಮುಂದೆ ಹಿಡಿದೆ.

"ಇವನ್ನ ಕಟ್ಕೊಂಡು ಕುಂದರ್ರಿ ಅತ್ತಿ. ಹೊಳಿ ಭಾಳ ಬಂದೈತಿ."

"ನಾನೇನ್ ಈಜ ಕಲಿಯೋ ಹುಡುಗೇನ? ಬುರಡಿ ಕಟ್ಕೊಂಡು ಹೋದ್ರ ಬೀಗರು ಹಲ್ಲ ಕಿಸೀತಾರ. ಬಾವಿ ಊರಾಕಿ ನನಗ ಹೊಳಿ ಕಲಸಾಕ ಬಂದಾಳ!"

ಮುದ್ದೇಬಿಹಾಳದ ಸಂತೆಗೆ ಹೊರಟಿದ್ದ ನಮ್ಮ ಯಜಮಾನರು ಅಂಗಳದಿಂದಲೇ ನಕ್ಕರು. "ಯವ್ವಾ, ಸೊಸಿ ನಿನ್ನ ಹೊಳ್ಯಾಗ ದಬ್ಬಾಕ ತಯಾರಿ ನಡಸ್ಯಾಳ ನೋಡು."

ಮರ್ಯಾದೆಯ ಮಾತು ಬಂದರೆ ಅತ್ತೆ ದೇವರು ಹೇಳಿದರೂ ಕೇಳುವವರಲ್ಲ. ನಾನು ದಾರಿ ಬದಲಿಸಿದೆ. "ಕಟ್ಕೋಬ್ಯಾಡ್ರಿ. ಬೀಗರಿಗೆ ಕೊಡ್ರಿ. ನಮ್ಮ ಸೋರಿ ಭಾಳ ರುಚಿ ಅಂತ ಹೋದ ಸಲ ಬೀಜಾ ಕೇಳಿದ್ರಲ್ಲ?"

ಅದು ಸುಳ್ಳಲ್ಲ, ಅವರು ಕೇಳಿದ್ದು ನಿಜ. ಬೀಜಕ್ಕೆ ಎರಡು ಇಡೀ ಬುರುಡೆ ಬೇಕಿರಲಿಲ್ಲ ಅಷ್ಟೇ. ಕೊಡುವ ಮಾತು ಬಂದೊಡನೆ ಅತ್ತೆಯ ಮುಖ ಅರಳಿತು. ನಾಲತವಾಡದಿಂದ ತಂದ ಹಗ್ಗದಲ್ಲಿ ಎರಡನ್ನೂ ಜೋಡಿಸಿ ಕಟ್ಟಿ, "ಡಬ್ಬಿ ಹಿಡ್ಯಾಕ ಕೈ ಖಾಲಿ ಬೇಕಲ್ಲರಿ" ಎಂದು ಹಗ್ಗವನ್ನು ಅವರ ಕಂಕುಳ ಕೆಳಗಿನಿಂದ ತಂದು ಹೆಗಲಿಗೆ ಬಿಗಿದೆ. ಅವರು ಒಲ್ಲೆ ಅನ್ನಲಿಲ್ಲ.

ಅದೆಲ್ಲ ಹೊರಡುವಾಗಿನ ಮಾತು. ಈಗ ಅಕ್ಕನ ಹಿಂದೆ ಓಡುತ್ತಿದ್ದವಳಿಗೆ ಹಗ್ಗದ ಗಂಟು ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ. ಬಿಗಿ ಹಾಕಿದ್ದೆನೋ, ಸಡಿಲಾಗಿತ್ತೋ? ದಾರಿಯಲ್ಲಿ ಅತ್ತೆ ಹೆಗಲು ನೋವೆಂದು ತೆಗೆದಿಟ್ಟರೋ? ಹೊಳೆತಾಯಿ ಗಂಗವ್ವಾ, ನನಗೆ ಬಯ್ಯಲಿಕ್ಕಾದರೂ ಅವರನ್ನು ಉಳಿಸು ಎಂದು ಬೇಡಿಕೊಂಡೆ. ಬಾಯಿಗೆ ಬೇರೆ ಬೇಡಿಕೆ ಬರಲಿಲ್ಲ.

ದಂಡೆಯಲ್ಲಿ ಜನ ನೆರೆದಿತ್ತು. ಹೊಳೆ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಹರಿಗೋಲು ತಂಗಿತ್ತು, ಸುತ್ತಲೂ ಇರುವೆಯಷ್ಟು ಸಣ್ಣ ಮನುಷ್ಯರು. ನನಗೆ ಒಬ್ಬರ ಗುರುತೂ ಸಿಗಲಿಲ್ಲ. ಅಕ್ಕನ ಕಣ್ಣು ಚುರುಕು.

"ಅಲ್ಲಿ ನೋಡು, ಒಬ್ಬಾಕಿ ಎದ್ದು ನಿಂತಾಳ. ಹೆಗಲ ಮ್ಯಾಲೆ ಏನೋ ಬೆಳ್ಳಗ ಎರಡು ಕಾಣಸ್ತಾವಲ್ಲ?"

ಅತ್ತೆಗಿಂತ ಮೊದಲು ಅವರ ಬುರುಡೆಗಳು ನನ್ನ ಕಣ್ಣಿಗೆ ಬಿದ್ದವು. ನಾನು ಕೈ ಎತ್ತಿ ಬೀಸಿದೆ.

"ಅಯ್ಯ, ಕೈಯಾಗೇನ ಅದು?" ಎಂದಳು ಅಕ್ಕ. ನೋಡಿದರೆ ಕಂದೀಲಿನ ಗಾಜು ಇನ್ನೂ ನನ್ನ ಮುಂಗೈಗೆ ಬಳೆಯಂತೆ ಸಿಕ್ಕಿಕೊಂಡೇ ಇತ್ತು. ಅಷ್ಟು ದೂರ ಓಡಿದರೂ ಒಡೆದಿರಲಿಲ್ಲ. ಅತ್ತ ಅತ್ತೆಯನ್ನೂ ಇತ್ತ ಗಾಜನ್ನೂ ಉಳಿಸಿದ ತಾಯಿಗೆ ಅಲ್ಲಿಂದಲೇ ಕೈ ಮುಗಿದೆ, ಗಾಜಿನ ಸಮೇತ.

ಸ್ವಲ್ಪ ಹೊತ್ತಿನಲ್ಲಿ ಅಂಬಿಗ ಹರಿಗೋಲನ್ನು ಈಚೆಗೆ ತಂದ. ಇಳಿಯುವ ಮೊದಲೇ ಬಯ್ಯತೊಡಗಿದ.

"ನಡುನೀರಾಗ ಬಂದಕೂಡ್ಲೆ ಗಂಗವ್ವಗ ಉಡಿ ತುಂಬ್ತೀವಿ ಅಂತ ಎಲ್ಲಾ ಹೆಣಮಕ್ಕಳೂ ಒಮ್ಮೆಲೇ ಎದ್ರರಿ! ಕುಂದರ್ರೆವ್ವಾ ಅಂತ ಒದರಿದೆ. ಒಬ್ಬಾಕಿ ಅರಿಷಿಣ ಹಾಕತಾಳ, ಒಬ್ಬಾಕಿ ಬಳಿ ಬಿಡತಾಳ, ಎಲ್ಲಾರೂ ಒಂದ ಬಾಜೂಕ! ಹರಗೋಲ ವಾಲದ ಏನ ಮಾಡೀತು? ನಿಮ್ಮ ಅತ್ತಿ ಎಲ್ಲಾರಕಿಂತ ಮುಂದ ಬಗ್ಗಿದ್ಲು. ಹೋದ್ಲು ಬುಳಕ್ಕಂತ!"

ಉಳಿದವರು ಕೂತುಬಿಟ್ಟಿದ್ದರಿಂದ ಹರಿಗೋಲು ಮಗುಚಲಿಲ್ಲ. ಅತ್ತೆ ಒಂದು ಸಲ ಮುಳುಗಿ, ಹೆಗಲ ಬುರುಡೆಗಳ ಸಮೇತ ಮೇಲೆ ಬಂದರಂತೆ. ತೇಲುತ್ತ ಹೋಗುತ್ತಿದ್ದವರಿಗೆ ಅವನು ಹುಟ್ಟು ಚಾಚಿ, "ಆ ಬುರಡಿ ಬಿಟ್ಟು ಇದನ್ನ ಹಿಡಿ ಯವ್ವಾ" ಎಂದನಂತೆ.

"ಅದಕ್ಕ ಏನಂದ್ಲು ಗೊತ್ತೈತೇನ್ರಿ? ಬಿಡಾಂಗಿಲ್ಲ, ಬೀಗರಿಗೆ ಕೊಡೋದೈತಿ ಅಂದ್ಲು!"

ದಂಡೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಅಳುತ್ತಲೇ. ತೇಲಲಿಕ್ಕೆಂದು ಕೊಟ್ಟಿದ್ದರೆ ಅವರು ಆ ಬುರುಡೆಗಳನ್ನು ಊರ ಅಗಸೆ ಬಾಗಿಲು ದಾಟುವುದರೊಳಗೆ ಎಸೆಯುತ್ತಿದ್ದರು.

ಆಮೇಲೆ ನಮ್ಮೂರಲ್ಲಿ ಉಡಿ ತುಂಬುವುದು ಹರಿಗೋಲು ಹತ್ತುವ ಮೊದಲು ದಂಡೆಯಲ್ಲೇ ಆಯಿತು. ಗಂಗವ್ವ ಸಿಟ್ಟಾದಾಳು ಎಂದು ಕೆಲವರು ಗೊಣಗಿದರು. ದಂಡೆಯ ನೀರಿನಲ್ಲಿ ಅವಳಿಲ್ಲವೇನು ಎಂದು ನಾನು ಕೇಳಿದೆ. ಒಬ್ಬರು ಎದ್ದರೂ ಹರಿಗೋಲು ಬಿಡುವುದಿಲ್ಲ ಎಂದು ಅಂಬಿಗನೂ ಹಟ ಹಿಡಿದ. ಅತ್ತೆಯಂತೂ ಮುಂದೆ ಪ್ರತಿ ಸಲವೂ ಎರಡು ಬುರುಡೆ ಹೆಗಲಿಗೆ ಕಟ್ಟಿಕೊಂಡೇ ಬೀಗರಿಗೆ ಬೀಜ ಒಯ್ದರು. ಬೀಗರ ಮನೆಯಲ್ಲಿ ಆಗಲೇ ಸೋರೆಬಳ್ಳಿ ಮಾಳಿಗೆ ತುಂಬಿತ್ತು.

ಅಂದು ಹರಿಗೋಲು ಕಟ್ಟಿಹಾಕುತ್ತ ಅಂಬಿಗ ನನ್ನ ಕಡೆ ತಿರುಗಿದ. "ಹಾಂ, ಮರತಿದ್ದೆ. ನಿಮ್ಮತ್ತಿ ಒಂದು ಮಾತು ಹೇಳಿ ಕಳಿಸ್ಯಾಳ."

"ಏನಂತ?"

"ಹಾಲು ಕಾಸಿ ತೆರದಿಟ್ಟು ಬಂದೀನಿ, ಬೆಕ್ಕು ಬಾಯಿ ಹಾಕೋದರಾಗ ಹೆಪ್ಪು ಹಾಕು ಅಂತ ಹೇಳು ಅಂದ್ಲು."

ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆದೆ. ಬೆಕ್ಕು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಪಾತ್ರೆ ನೋಡಿದೆ, ಹಾಲಿನ ಕೆನೆ ಕದಡಿರಲಿಲ್ಲ. ಬೆರಳಿಟ್ಟು ಬಿಸಿ ನೋಡಿ, ಒಂದು ಚಮಚ ಮಜ್ಜಿಗೆ ಬಿಟ್ಟು ಕಲಕಿ, ತಾಟು ಮುಚ್ಚಿ ಮೇಲೊಂದು ಕಲ್ಲು ಇಟ್ಟೆ.