ದಲಂದಾಗೆ ಕೊಟ್ಟ ನೀಲಿ

ನನ್ನಣ್ಣ ಶಾದ್ಲಿ ಯಾರನ್ನೂ ನಂಬಿದವನಲ್ಲ. ನಮ್ಮೂರು ನಬೂಲಿನಲ್ಲಿ, ಕುಂಬಾರನಾದ ಅವನ ತಿಗುರಿಯ ಮೇಲೆ ಏಳುತ್ತಿದ್ದಂಥ ಅಗಲದ ತಟ್ಟೆ ಇನ್ನೊಬ್ಬರ ಕೈಯಲ್ಲಿ ಏಳುತ್ತಿರಲಿಲ್ಲ, ಅದು ನಿಜ. ಆದರೆ ಬೆಳಿಗ್ಗೆ ಅಂಗಡಿಯವನು ಕೊಟ್ಟ ರೊಟ್ಟಿಯನ್ನೂ ತಿರುವಿ ನೋಡದೆ ತೆಗೆದುಕೊಳ್ಳುವ ಜಾಯಮಾನ ಅವನದಲ್ಲ. ತಟ್ಟೆಗಳಿಗೆ ಹಚ್ಚುವ ಬಿಳಿ ಮೆರುಗನ್ನು ಅರೆದು ಕೊಡುತ್ತಿದ್ದವಳು ತಂಗಿಯಾದ ನಾನು. ನನ್ನ ಮೇಲೂ ಒಂದು ಕಣ್ಣು ಇಟ್ಟೇ ಇರುತ್ತಿದ್ದ.

ಚಿತ್ರಕಾರರೆಂದರೆ ಅವನಿಗೆ ಮೈಯೆಲ್ಲ ಉರಿ. ಮಣ್ಣು ಇವನದು, ಮೆರುಗು ಇವನದು, ಬೆಂಕಿಯೂ ಇವನದೇ. ಅವರು ಬಂದು ಮೀನೋ ಹಕ್ಕಿಯೋ ಬರೆದು ಎದುರಿಗೇ ಹೆಸರು ಹಾಕುತ್ತಾರೆ. ಇವನ ಗುರುತು ತಟ್ಟೆಯ ತಳದಲ್ಲಿ. "ಗೋಡೆಗೆ ನೇತುಹಾಕಿದ ಮೇಲೆ ನನ್ನ ಹೆಸರು ಓದೋದು ಹಲ್ಲಿ ಒಂದೇ," ಎನ್ನುತ್ತಿದ್ದ. ಒಬ್ಬೊಬ್ಬರನ್ನೇ ಜಗಳವಾಡಿ ಓಡಿಸಿದ. ಕೊನೆಗೆ ಉಳಿದವಳು ದಲಂದಾ ಒಬ್ಬಳೇ, ಅವನ ಬಾಯಿಗೆ ಬಗ್ಗದವಳು. ಮದುವೆಯಾದ ಹೊಸದರಲ್ಲಿ ಕುಂಚ ಹಿಡಿದು ನಮ್ಮ ಅಂಗಳಕ್ಕೆ ಬಂದವಳಿಗೆ ಈಗ ಮೊಮ್ಮಕ್ಕಳು. ಇವನು ತಟ್ಟೆಯ ಅಂಚನ್ನು ತುಸು ಒಳಗೆ ಬಾಗಿಸಿದರೆ ಅವಳ ಮೀನಿನ ಬಾಲವೂ ಅಲ್ಲಿಗೇ ಬಾಗುತ್ತಿತ್ತು. ಅವಳು ಹೋದರೆ ಅಂಥ ತಟ್ಟೆ ಮತ್ತೆ ಹುಟ್ಟುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಆ ವರ್ಷ ಕಿತ್ತಳೆ ಹೂವಿನ ಕಾಲದಲ್ಲಿ ದಲಂದಾ ಮಧ್ಯಾಹ್ನವಾದರೆ ಸಾಕು, ಏನೋ ನೆಪ ಹೇಳಿ ಎದ್ದುಹೋಗತೊಡಗಿದಳು. ಅದೇ ಹೊತ್ತಿಗೆ ಆಚೆ ಬೀದಿಯ ಕುಂಬಾರ ಹಮ್ದಾನ ಅಂಗಡಿಯಲ್ಲಿ ಥೇಟು ನಮ್ಮ ನೀಲಿಯದೇ ಹೂಜಿಗಳು ಕಾಣಿಸಿಕೊಂಡವು. ಮುಗಿಯಿತಲ್ಲ ಕಥೆ.

"ನೋಡಿದ್ಯಾ ಮಬ್ರೂಕಾ? ನನ್ನ ನೀಲೀನ ಅವನಿಗೆ ಕೊಟ್ಬಿಟ್ಟಿದಾಳೆ."

"ಸುಮ್ನಿರಣ್ಣ. ನೀಲಿ ಏನು ನಮ್ಮಪ್ಪ ಬಿಟ್ಟುಹೋದ ಆಸ್ತೀನಾ?"

"ಮತ್ತೆ? ಅಪ್ಪಂದೇ ಅಲ್ವಾ?"

ಅದೂ ನಿಜವೇ, ಹದ ಕಲಿಸಿದವನು ಅಪ್ಪ. ನನಗೆ ಅನುಮಾನವೇ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಣ್ಣ ಅನುಮಾನಕ್ಕೇ ನಿಲ್ಲಲಿಲ್ಲ. ನೀಲಿ ಕೊಡುವ ಪುಡಿ ನೋಡಲು ಕಪ್ಪು. ಸುಟ್ಟ ಮೇಲೆ ನೇರಳೆ ಮಿಶ್ರಿತ ಕಂದಾಗುವ ಇನ್ನೊಂದು ಪುಡಿಯೂ ಕಪ್ಪೇ. ಬೆಂಕಿ ತಾಗುವವರೆಗೆ ಎಂಥವರಿಗೂ ವ್ಯತ್ಯಾಸ ತಿಳಿಯದು. ಮನೆಯಲ್ಲಿ ಏನೋ ಬರೆಯಬೇಕೆಂದು ದಲಂದಾ ಒಂದು ಡಬ್ಬಿ ನೀಲಿ ಕೇಳಿದಾಗ, ಅದಕ್ಕೆ ಇದನ್ನು ಬೆರೆಸಿ ನಗುನಗುತ್ತಾ ಕೊಟ್ಟ. ಹಮ್ದಾನ ಹೂಜಿಗಳು ಕಂದಾಗಿ ಬಂದರೆ ಕಳ್ಳಿ ಸಿಕ್ಕಿಬಿದ್ದಂತೆ. ಈ ಕಿತಾಪತಿ ನನಗೆ ತಿಳಿದದ್ದು ಆಮೇಲೆ.

ದಿನವೂ ಹೋಗಿ ಹಮ್ದಾನ ಅಂಗಡಿಯ ಎದುರಿನ ಕಾಫಿ ಅಂಗಡಿಯಲ್ಲಿ ಕೂತು ಕಾವಲು ಕಾದ. ಅವನು ಹಾಗೆ ಕೂತಿದ್ದಾಗಲೇ ಒಂದು ದಿನ ದಲಂದಾ ಗಾಡಿಯಲ್ಲಿ ಟೈಲುಗಳನ್ನು ಹೇರಿಕೊಂಡು ನಮ್ಮ ಅಂಗಳಕ್ಕೆ ಬಂದಳು. ನಮ್ಮವೇ ಟೈಲುಗಳು, ಹಿಂದೆ ಅಣ್ಣನಿಗೆ ತಿಳಿಯದಂತೆ ನನ್ನಿಂದ ಇಸಿದುಕೊಂಡು ಹೋಗಿದ್ದಳು. ಈಗ ಅವುಗಳ ತುಂಬ ಚಿತ್ರ.

"ಆವಿಗೆಗೆ ಇಟ್ಟು ಸುಡು ಮಬ್ರೂಕಾ. ನಿಮ್ಮಣ್ಣಂಗೆ ಹೇಳ್ಬೇಡ."

"ಏನೇ ಇದು?"

"ಸಮುದ್ರ. ಟ್ಯೂನಿಸ್‌ನಲ್ಲಿ ಪ್ರದರ್ಶನ ಇದೆಯಲ್ಲ, ಅದಕ್ಕೆ. ಇಬ್ಬರ ಹೆಸರೂ ಹಾಕ್ತೀವಿ, ಇಲ್ಲಾಂದ್ರೆ ಕೊಡೋದೇ ಇಲ್ಲ ಅಂತ ಮಧ್ಯಾಹ್ನ ಮಧ್ಯಾಹ್ನ ಅಲ್ಲಿಗೆ ಓಡಾಡಿ ಅವರ ತಲೆ ತಿಂದೆ. ಒಪ್ಪಿದ್ರು. ನಿಮ್ಮಣ್ಣನ ಹೆಸರೇ ಮೊದಲು ಬರೆದಿದೀನಿ, ಎದುರಿಗೇ."

ಆವಿಗೆ ಆರಿದ ಮೇಲೆ ಅಣ್ಣನನ್ನು ಕೈಹಿಡಿದು ಎಳೆದುತಂದು, ದಲಂದಾ ಮಾಡಿದ್ದನ್ನೆಲ್ಲ ಹೇಳಿದೆ. ಅವನು ಅಲ್ಲೇ ಕುಕ್ಕರಿಸಿ ಕೂತ. ಸಂತೋಷಕ್ಕೆ ಅಂದುಕೊಂಡೆ, ನನ್ನ ದಡ್ಡತನ. ದಲಂದಾ ಹೊಸ ಶಾಲು ಹೊದ್ದು ಬಂದಿದ್ದಳು. ಮೊದಲ ಟೈಲು ತೆಗೆದೆ. ಸಮುದ್ರ ಇರಬೇಕಾದಲ್ಲಿ ಕೊಳೆತ ಬದನೆಕಾಯಿಯ ಬಣ್ಣ. ಮುಂದಿನದೂ ಹಾಗೆಯೇ. ಕೊನೆಯದರಲ್ಲಿ ಅದೇ ಬಣ್ಣದಲ್ಲಿ ಅಣ್ಣನ ಹೆಸರು, ಕೆಳಗೆ ಅವಳದು.

ದಲಂದಾ ಟೈಲನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು. "ಬೇಕಂತಲೇ ಬೆರೆಸಿದ್ರಾ ಶಾದ್ಲಿಯಣ್ಣ?"

"ಹಮ್ದಾನ ಹೂಜಿ ನೋಡಿ..." ಎಂದು ಅಣ್ಣ ನೆಲ ನೋಡಿದ.

"ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ನಲ್ಲ."

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ. ಹಿರಿಯನೆಂದು ಸುಮ್ಮನಾದೆ. ಹಮ್ದಾನ ಹೂಜಿಗಳು ಇವತ್ತಿಗೂ ನೀಲಿಯಾಗಿಯೇ ಬರುತ್ತಿವೆ. ಆ ನೀಲಿ ಅವನಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ.

ದಲಂದಾ ಮತ್ತೆ ನಮ್ಮ ಅಂಗಳ ತುಳಿಯಲಿಲ್ಲ. ಮನೆಯಲ್ಲೇ ಕ್ಯಾನ್ವಾಸಿನ ಮೇಲೆ ಬರೆಯತೊಡಗಿದಳು. ಅಣ್ಣ ತಟ್ಟೆಗಳನ್ನು ಮಾಡಿ ಮಾಡಿ ಬರಿದಾಗಿಯೇ ಪೇರಿಸಿಟ್ಟ. ಹಬ್ಬದ ದಿನ ಖರ್ಜೂರದ ಸಿಹಿ ಮಕ್ರೂದ್ ಕಟ್ಟಿಸಿಕೊಂಡು ಅವಳ ಮನೆಗೆ ಹೊರಟ, ಜೊತೆಗೆ ನಾನು. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಯಾರು ತಾನೇ ಹಿಂದಕ್ಕೆ ಕಳಿಸುತ್ತಾರೆ? ದಲಂದಾ ನಗುತ್ತಲೇ ಬರಮಾಡಿಕೊಂಡಳು, ಚಹಾ ಕೊಟ್ಟಳು, ಅವನ ಮಂಡಿನೋವು ವಿಚಾರಿಸಿದಳು. ಅಣ್ಣನಿಗೆ ಜೀವ ಬಂದಂತಾಯಿತು.

"ಈಗೇನು ಬರೀತಿದೀಯ, ತೋರಿಸು," ಎಂದು ಎದ್ದ.

ಅವಳು ತಟ್ಟನೆ ಅವನಿಗಿಂತ ಮೊದಲೇ ಒಳಕೋಣೆಗೆ ಹೋದಳು. ಮೇಜಿನ ಮೇಲೆ ತೆರೆದಿದ್ದ ಬಣ್ಣದ ಡಬ್ಬಿಗಳಿಗೆಲ್ಲ ಮುಚ್ಚಳ ಹಾಕಿ ತಿರುಪಿ ಬಿಗಿಮಾಡಿದಳು. ಆಮೇಲೆ, "ಬನ್ನಿ ಶಾದ್ಲಿಯಣ್ಣ, ನೋಡಿ," ಎಂದಳು.

ಅಣ್ಣ ಹೊಸ್ತಿಲು ದಾಟಲಿಲ್ಲ.