ಮತ್ತೊಬ್ಬಳ ತಲೆನೋವು ಹೇಳಿಕೊಂಡು ಬಂದವಳು

೧೯೫೮ರಲ್ಲಿ ನಾನು ಕೌಜಲಗಿ ಹತ್ತಿರದ ಒಂದು ಹಳ್ಳಿಯ ಹೆರಿಗೆ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆತನದವರು ಇನ್ನೂ ಅಲ್ಲಿದ್ದಾರೆ. ನನ್ನ ಊರು ಹುಕ್ಕೇರಿ. ಆಗ ನನಗೆ ಇಪ್ಪತ್ತನಾಲ್ಕು ವಯಸ್ಸು, ತರಬೇತಿ ಮುಗಿದು ಎರಡನೆಯ ವರ್ಷ. ಕೇಂದ್ರವೆಂದರೆ ಎರಡು ಕೋಣೆ, ಒಂದು ಮೇಜು, ರಕ್ತದೊತ್ತಡ ನೋಡುವ ಯಂತ್ರ ಮತ್ತು ಒಂದು ಸ್ಪಿರಿಟ್ ದೀಪ. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿದ್ದರೂ ರಜಿಸ್ಟರಿನ ತಲೆಬರಹಗಳು ಇನ್ನೂ ಮರಾಠಿಯಲ್ಲೇ ಇದ್ದವು. ಬಸುರಿಯರನ್ನು ಅದರಲ್ಲಿ 'ಇಂಥವರ ಹೆಂಡತಿ' ಎಂದು ಬರೆದುಕೊಳ್ಳುವುದು ರೂಢಿ. ಹೆಂಗಸರು ಗಂಡನ ಹೆಸರನ್ನು ಬಾಯಿಂದ ಆಡುತ್ತಿರಲಿಲ್ಲ. ಜೊತೆಗೆ ಬಂದವರು ಹೇಳುತ್ತಿದ್ದರು.

ಶ್ರಾವಣದಲ್ಲಿ ಒಬ್ಬ ಹೆಂಗಸು ಒಬ್ಬಳೇ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ಗಟ್ಟಿ ಮೈಕಟ್ಟು. ಗಂಡನ ಹೆಸರು ಕೇಳಿದೆ.

"ಪಾಂಡವರೊಳಗ ಗದಾ ಹಿಡದಾವ್ರಿ, ಬಾಯಾರ" ಎಂದು ನಕ್ಕಳು.

ನಾನೂ ನಕ್ಕು 'ಭೀಮಪ್ಪನ ಹೆಂಡತಿ, ಮೂರು ತಿಂಗಳು' ಎಂದು ಬರೆದೆ. ಅವಳ ಸ್ವಂತ ಹೆಸರು ಕೇಳಲಿಲ್ಲ.

ಅವಳು ಸೆರಗಿನಿಂದ ಒಂದು ಎಣ್ಣೆ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಮೂತ್ರ ಪರೀಕ್ಷೆಗೆ ತರಬೇಕೆಂದು ಯಾರಿಂದಲೋ ತಿಳಿದುಕೊಂಡಿದ್ದಳು. ಈ ಪರೀಕ್ಷೆ ಸರಳವಾದದ್ದು. ಗಾಜಿನ ನಳಿಕೆಯಲ್ಲಿ ಮೂತ್ರವನ್ನು ದೀಪದ ಮೇಲೆ ಕಾಯಿಸಿ ಒಂದೆರಡು ಹನಿ ಆಮ್ಲ ಬಿಡಬೇಕು. ಒಡೆದ ಹಾಲಿನಂತೆ ಬಿಳಿ ಕಟ್ಟಿದರೆ ಅದರಲ್ಲಿ ಅಲ್ಬುಮಿನ್ ಇದೆ ಎಂದರ್ಥ. ದಿನ ತುಂಬುತ್ತ ಬಂದ ಬಸುರಿಯಲ್ಲಿ ಇದರ ಜೊತೆ ರಕ್ತದೊತ್ತಡವೂ ಏರಿದರೆ ಅದು ಟಾಕ್ಸೀಮಿಯಾ. ಫಿಟ್ಸ್ ಬಂದು ತಾಯಿ, ಮಗು ಇಬ್ಬರೂ ಹೋಗಬಹುದು. ಅವಳ ಬಾಟ್ಲಿಯ ಮೂತ್ರ ಬಿಳಿ ಕಟ್ಟಿತು. ಆದರೆ ರಕ್ತದೊತ್ತಡ ೧೧೦/೭೦ ಇತ್ತು, ಕಾಲಿನಲ್ಲಿ ಬಾವು ಇರಲಿಲ್ಲ. ಮೂರು ತಿಂಗಳಿಗೆ ಈ ರೋಗ ಬರುವುದೂ ಅಪರೂಪ. ಬಾಟ್ಲಿ ಸರಿಯಾಗಿ ತೊಳೆದಿಲ್ಲವೆಂದುಕೊಂಡು ಮುಂದಿನ ವಾರ ಬರಹೇಳಿದೆ.

ಮುಂದಿನ ವಾರ ಇನ್ನೂ ದಪ್ಪಗೆ ಕಟ್ಟಿತು. ಉಪ್ಪು ಬಿಡಲು ಹೇಳಿದೆ. "ಉಪ್ಪ ಬಿಟ್ರ ಮಾರಿ ಬಾವು ಇಳೀತೈತೇನ್ರಿ?" ಎಂದು ಕೇಳಿದಳು. ಅವಳ ಮುಖದಲ್ಲಿ ಬಾವೇ ಇರಲಿಲ್ಲ. ಆ ಪ್ರಶ್ನೆ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರನೆಯ ವಾರ ಅವಳು ಬಂದಾಗ ಕೇಂದ್ರದಲ್ಲಿ ಏಳೆಂಟು ಹೆಂಗಸರು ಕೂತಿದ್ದರು. "ತಲಿ ಸಿಡದ ಹೊಂಟೈತ್ರಿ. ಕಣ್ಣಮುಂದ ಕಿಡಿ ಹಾರಿಧಂಗ ಆಗತೈತಿ" ಎಂದಳು. ಹಾಗೆ ಹೇಳಿದವಳು ಆಗಷ್ಟೇ ತುಂಬಿದ ಎರಡು ಕೊಡ ಮನೆಗೆ ಮುಟ್ಟಿಸಿ ಬಂದಿದ್ದಳು. ಹಿಂದಿನಿಂದ ಒಬ್ಬಳು ನಕ್ಕಳು.

"ಕಲ್ಲವ್ವಂದ ಎಲ್ಲೀ ಬಸರ್ರಿ, ಬಾಯಾರ! ಹನ್ನೆರಡ ವರ್ಷಾತು, ಹೊಟ್ಟಿ ತೆರದಿಲ್ಲ. ಬಸರಾದಾಕಿ ಅಕೀ ಸವತಿ."

"ಹೊಟ್ಟಿಕಿಚ್ಚಿಗೇ ಬಸರಾಗಿರಬೇಕ್ ಬಿಡ" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಮೂರು ಸಲ ಮೋಸಹೋದೆನೆಂಬ ಸಿಟ್ಟು ನನ್ನನ್ನು ಹಿಡಿಯಿತು. "ಸುಳ್ಳ ಹೇಳಿ ಸರಕಾರಿ ಗುಳಗಿ ಒಯ್ಯಾಕ ಬರತೀಯೇನ? ನಾಚಿಕಿ ಬರೂದಿಲ್ಲ? ನಡಿ ಹೊರಗ!" ಎಂದು ಎಲ್ಲರೆದುರು ಕೂಗಿದೆ. ಅವಳು ಎದ್ದು ಹೋದಳು. ಬಾಟ್ಲಿ ಮೇಜಿನ ಮೇಲೆಯೇ ಉಳಿಯಿತು.

ಮಧ್ಯಾಹ್ನ ಬಾಗಿಲು ಹಾಕಲು ಬಂದರೆ ಕಲ್ಲವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು. ಎರಡು ಸಲವೂ ಬಾಟ್ಲಿ ಬಿಳಿ ಕಟ್ಟಿದ್ದು ನೆನಪಾಗಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡೆ. ಯಾರ ಮೂತ್ರವಿದು ಎಂದು ಕೇಳಿದೆ.

"ನೀಲವ್ವಂದರಿ. ಎಂಟ ತಿಂಗಳಾತು."

ನಿಧಾನವಾಗಿ ಎಲ್ಲ ಹೇಳಿದಳು. ನೀಲವ್ವನಿಗೆ ಹದಿನೇಳು ವರ್ಷ. ತಂದೆ-ತಾಯಿ ಇಲ್ಲದ ಹುಡುಗಿಯನ್ನು ಸೋದರಮಾವ ಈ ಮನೆಗೆ ಕೊಟ್ಟಿದ್ದ. ಬಸುರಾದ ಮೇಲೆ ಅತ್ತೆ ಅವಳನ್ನು ಒಳಗಿನ ಕೋಣೆಯಲ್ಲಿಟ್ಟಿದ್ದಳು. ಹೊಸ್ತಿಲು ದಾಟುವಂತಿಲ್ಲ, ಸೂಲಗಿತ್ತಿಯ ಹೊರತು ಯಾರೂ ನೋಡುವಂತಿಲ್ಲ. ಬಂಜೆಯ ನೆರಳು ಬೀಳಬಾರದೆಂದು ಕಲ್ಲವ್ವನಿಗೆ ದನ ಕಟ್ಟುವ ಕಡೆ ಹಾಸಿಗೆ. ಇಬ್ಬರೂ ಮಾತಾಡಕೂಡದು.

"ಮತ್ತ ನಿನಗ ಅಕೀ ತಲಿನೋವು ಹೆಂಗ ಗೊತ್ತಾತು?"

ಬೆಳಗಿನ ಜಾವ ಕಲ್ಲವ್ವ ಜೋಳ ಬೀಸುವ ಕಲ್ಲು ನೀಲವ್ವನ ಕೋಣೆಯ ಗೋಡೆಗೆ ಹೊಂದಿಕೊಂಡಿತ್ತು. ಬೀಸುತ್ತ ಹಾಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಕಲ್ಲವ್ವ ಅದೇ ಧಾಟಿಯಲ್ಲಿ, ಉಂಡೆಯಾ, ಕಾಲು ಬಾತಿದೆಯಾ ಎಂದು ಕೇಳುತ್ತಿದ್ದಳು. ಗೋಡೆಯ ಆಚೆಯಿಂದ ನೀಲವ್ವ ಅದೇ ಧಾಟಿಯಲ್ಲಿ ಉತ್ತರ ಹಾಡುತ್ತಿದ್ದಳು. "ಅತ್ತಿ ಹುಟ್ಟಿದಾಗಿಂದ ಹಾಡ ಕೇಳ್ಯಾಳ್ರಿ. ಹಾಡಿನ್ಯಾಗ ಏನ್ ಐತಿ ಅಂತ ಯಾರ ಕೇಳತಾರ?" ಎಂದಳು. ಬಚ್ಚಲು ತೊಳೆಯುವುದು ಅವಳ ಕೆಲಸವಾದ್ದರಿಂದ ಬಾಟ್ಲಿ ಕೈ ಬದಲಾಗುವುದು ಕಷ್ಟವಿರಲಿಲ್ಲ.

"ಮೊದಲ ನನ್ನ ಮುಂದ ಖರೆ ಹೇಳಬಾರದಿತ್ತ?"

"ಅಕೀಗೆ ಜಡ್ಡ ಐತಿ ಅಂತ ಇವತ್ತ ಇಲ್ಲಿ ನಾ ಅಂದ್ರ, ನಾಳೆ ಮನ್ಯಾಗ ಬಂಜೀ ಕಣ್ಣ ಬಿತ್ತು ಅಂತಾರ್ರಿ. ನನ್ನ ಹೊರಗ ಹಾಕಲಿ. ಆಮ್ಯಾಗ ಅಕೀನ್ನ ಯಾರ ಕೇಳತಾರ?"

ಮೇಜಿನ ಮೇಲಿದ್ದ ಬಾಟ್ಲಿಯನ್ನು ಪರೀಕ್ಷಿಸಿದೆ. ನಳಿಕೆ ತುಂಬ ಮೊಸರಿನಂತಾಯಿತು. ಎರಡು ವಾರ ಹಾಳು ಮಾಡಿದ್ದೆ.

ಸಿಡುಬಿನ ಚುಚ್ಚುಮದ್ದಿಗೆ ಮನೆಮಂದಿಯ ಯಾದಿ ಮಾಡುವ ನೆವ ಮಾಡಿಕೊಂಡು ಅಂದೇ ಅವರ ಮನೆಗೆ ಹೋದೆ. ಎಲ್ಲರನ್ನೂ ಕಣ್ಣಾರೆ ನೋಡಬೇಕೆಂದು ಹಟ ಹಿಡಿದ ಮೇಲೆ ಅತ್ತೆ ನೀಲವ್ವನನ್ನು ಬಾಗಿಲ ತನಕ ಕರೆತಂದಳು. ಕಣ್ಣು ಮುಚ್ಚಿಹೋಗುವಷ್ಟು ಮುಖ ಬಾತಿತ್ತು. ರಕ್ತದೊತ್ತಡ ೧೭೦/೧೧೦. ಈಗಲೇ ಗೋಕಾಕದ ದವಾಖಾನೆಗೆ ಒಯ್ಯಬೇಕೆಂದೆ.

"ನಾ ಆರ ಹಡದೇನಿ, ಯಾವ ದವಾಖಾನಿ ಕಂಡಿಲ್ಲ" ಎಂದಳು ಅತ್ತೆ. "ಈ ಮನೀ ಕೂಸು ಈ ಮನ್ಯಾಗ ಹುಟ್ಟತೈತಿ. ಅಕೀಗೆ ಏನೂ ಆಗಿಲ್ಲ. ಆಗಿದ್ರ ಇಕೀ ನೆರಳಿಂದ ಆಗೇತಿ." ಅಂಗಳದಲ್ಲಿ ನಿಂತಿದ್ದ ಕಲ್ಲವ್ವನ ಕಡೆ ಕೈ ತೋರಿಸಿದಳು.

ಭೀಮಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಆಗ ಕಲ್ಲವ್ವ ಅಂಗಳದಿಂದ ಒಳಗೆ ಬಂದು ಅತ್ತೆಯೆದುರು ನಿಂತಳು.

"ನನ್ನ ನೆರಳ ಅಲ್ಲ, ಅತ್ತಿ? ತಗೋ, ನೆರಳ ಒಯ್ಯತೇನಿ. ಅಕೀನ್ನ ಗಾಡ್ಯಾಗ ಕೂಡ್ರಸು. ಗಾಡಿ ಗೋಕಾಕದ ಹಾದಿ ಹಿಡದ ಗಳಿಗಿಗೆ ನಾ ಅಂಕಲಗಿ ಹಾದಿ ಹಿಡೀತೇನಿ. ಮತ್ತ ಈ ಮನೀ ಮೆಟ್ಟಲಾ ಏರೂದಿಲ್ಲ."

ಅಂಕಲಗಿ ಅವಳ ತವರು. ಅಲ್ಲಿ ಮುದಿ ತಾಯಿಯೊಬ್ಬಳೇ ಇದ್ದಳು. ಅತ್ತೆ ಮಗನ ಕಡೆ ತಿರುಗಿದಳು. "ಗಾಡಿ ಹೂಡ" ಎಂದಳು.

ನಾನೂ ಗಾಡಿಯಲ್ಲಿ ಹೋದೆ. ಕಲ್ಲವ್ವ ಹೇಳಿದಂತೆ ಅಂಕಲಗಿ ದಾರಿ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಗೋಕಾಕ ಮುಟ್ಟಿದೆವು. ಡಾಕ್ಟರು ಅವಳನ್ನು ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿ ಮಲಗಿಸಿ ನಿದ್ದೆಯ ಸೂಜಿ ಕೊಟ್ಟರು. ಒಮ್ಮೆ ಫಿಟ್ಸ್ ಬಂತು. ನಾಲಿಗೆ ಕಚ್ಚದಂತೆ ಹಲ್ಲಿನ ನಡುವೆ ಬಟ್ಟೆ ಸುತ್ತಿದ ಚಮಚ ಹಿಡಿದವಳು ನಾನೇ. ಮೂರನೆಯ ದಿನ ಹೆಣ್ಣು ಮಗು ಹುಟ್ಟಿತು. ತೀರಾ ಸಣ್ಣದು, ಆದರೆ ಅತ್ತಿತು. ತಾಯಿ ಉಳಿದಳು.

ಮನೆಗೆ ಕಳಿಸುವ ದಿನ ನಾನು ಗೋಕಾಕಕ್ಕೆ ಮತ್ತೆ ಹೋದೆ. ಅತ್ತೆ ಗಾಡಿ ತಂದಿದ್ದಳು. ಹೆಣ್ಣೆಂದು ಅವಳ ಮುಖ ಸಪ್ಪಗಿತ್ತು. ನೀಲವ್ವ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

"ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ರಿ, ಅತ್ತಿ?"

"ನಿನಗ ಎಲ್ಲೀ ತವರ?"

"ಅಂಕಲಗಿ."

ಮೊದಲ ಬಾಣಂತನ ತವರಿನದೆಂಬುದು ಅತ್ತೆಯೂ ಮೀರಲಾಗದ ಪದ್ಧತಿ. ಭೀಮಪ್ಪ ಎಂದೂ ಇಲ್ಲದಂತೆ ತಾಯಿಯ ಕಡೆ ನೋಡದೆ ಎತ್ತುಗಳನ್ನು ಆ ದಾರಿಗೆ ತಿರುಗಿಸಿದ.

ಎರಡು ತಿಂಗಳ ನಂತರ ನಾನು ಅಂಕಲಗಿಗೆ ಹೋದೆ. ಮಗುವಿನ ತೂಕ ನೋಡುವ ನೆವ ಇತ್ತು. ನಿಜವಾಗಿ ಹೋದದ್ದು ಕಲ್ಲವ್ವನ ಕ್ಷಮೆ ಕೇಳಲು. ಅವಳು ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. "ಕೈ ಹಗರ ಬಿಡವ್ವಾ, ಅದೇನ್ ರೊಟ್ಟಿ ಹಿಟ್ಟೇನ?" ಎಂದು ನೀಲವ್ವ ಬಾಗಿಲಿನಿಂದ ಬೈಯುತ್ತಿದ್ದಳು. ಕರೆಯಲು ಭೀಮಪ್ಪ ಎರಡು ಸಲ ಬಂದುಹೋಗಿದ್ದನಂತೆ. ಬಂದರೆ ಇಬ್ಬರೂ ಬರುತ್ತೇವೆ, ಒಳಗಿನ ಕೋಣೆಯಲ್ಲಿ ಇಬ್ಬರಿಗೂ ಹಾಸಿಗೆ ಇರಬೇಕು ಎಂದು ನೀಲವ್ವ ಹೇಳಿ ಕಳಿಸಿದ್ದಳು. ತಾಯಿಯನ್ನು ಕೇಳಿ ಬರುತ್ತೇನೆಂದು ಅವನು ಹೋಗಿದ್ದ. ಇನ್ನೂ ಬಂದಿರಲಿಲ್ಲ. ಅವರಿಗೆ ಅವಸರವೂ ಕಾಣಲಿಲ್ಲ.

ಅಂದು ಎಲ್ಲರೆದುರು ಬೈದದ್ದು ತಪ್ಪಾಯಿತು ಎಂದೆ. ಕಲ್ಲವ್ವ ಮಗುವಿನ ಕಾಲನ್ನು ನೀವುತ್ತ ಹೇಳಿದಳು.

"ಬೈದ್ರಿ, ಖರೆ. ಆದ್ರ ಬೈದ ಮ್ಯಾಲೆ ಕರದ ಕೇಳಿದ್ರೆಲ್ರಿ. ನಮ್ಮ ಮನ್ಯಾಗ ಬೈದವ್ರು ಎಂದೂ ಕೇಳಲಿಲ್ಲ."

ಆಮೇಲೆ ಇಪ್ಪತ್ತೊಂಬತ್ತು ವರ್ಷ ನೌಕರಿ ಮಾಡಿದೆ. ಹೊಂದಿಕೆಯಾಗದ ಮಾತು ಹೇಳಿಕೊಂಡು ಬಂದ ಹೆಂಗಸರು ಅನೇಕರು ಸಿಕ್ಕರು. ಯಾರನ್ನೂ ಸುಳ್ಳುಗಾರ್ತಿ ಎಂದು ಕಳಿಸಲಿಲ್ಲ. ಉಳಿದವರನ್ನು ಹೊರಗೆ ಕೂರಿಸಿ, ಇದು ಯಾರ ನೋವು ಎಂದು ಕೇಳಿದೆ. ಕೆಲವು ಸಲ ತಡವಾಗಿ ಉತ್ತರ ಬಂತು. ಕಾಯುವುದನ್ನು ಕಲಿತೆ.