ಕಾಗೆ ಒಪ್ಪಿದ ಕರಿ ಚೆಂಡು

ಆಗ ನನಗೆ ಐವತ್ತೆರಡು. ಆ ಮಾತಿಗೆ ಈಗ ಮೂವತ್ತು ವರ್ಷ. ರಾಗಿಹಿಟ್ಟು ಮೆತ್ತಿದ ಕೈಯಲ್ಲೇ ಬಸ್ಸಿನ ಹೊತ್ತಾಯಿತೆಂದು ಮಗನನ್ನು ತಿವಿದು ಏಳಿಸುತ್ತಿದ್ದ ಕಾಲ. ಮಾದೇವ ನಮ್ಮ ಉಮ್ಮತ್ತೂರಿನಿಂದ ಚಾಮರಾಜನಗರಕ್ಕೆ ಹೋಗಿ, ಅಂಗಡಿ ಮಹಡಿಯ ಮೇಲಿನ ಸ್ನೂಕರ್ ಕೋಣೆಯಲ್ಲಿ ದುಡಿಯುತ್ತಿದ್ದ. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಉಳಿದವರು ಕೋಲಿನಿಂದ ಚೆಂಡು ತಳ್ಳಿ ಗುಳಿಗೆ ಬೀಳಿಸುವುದು, ಬಿದ್ದ ಬಣ್ಣದ ಚೆಂಡನ್ನು ಎತ್ತಿ ಇವನು ಅದರ ಜಾಗಕ್ಕೇ ಇಡುವುದು, ಇಷ್ಟೇ ಉದ್ಯೋಗ.

"ಬಿದ್ದುದ್ನ ಎತ್ತಿ ಮಡ್ಗದೂ ಒಂದು ಕೆಲ್ಸವೇನ್ಲಾ?" ಎಂದು ಹಂಗಿಸುತ್ತಿದ್ದೆ.

"ಎಲ್ಲಾನೂ ಎತ್ತಂಗಿಲ್ಲ ಕಣವ್ವ. ಕೆಂಪು ಬಿದ್ರೆ ಬಿದ್ದಂಗೇ. ಕರೀದು ಕೊನೇಲಿ ಬೀಳ್ಬೇಕು, ಅದಿಲ್ದಿದ್ರೆ ಆಟವೇ ಮುಗಿಯದಿಲ್ಲ," ಎನ್ನುತ್ತಿದ್ದ.

ಕಾಮಾಲೆ ಬಂದು ಮಾದೇವ ಹೋಗಿಬಿಟ್ಟ. ಮೂರನೆಯ ದಿನ ಹಾಲು ತುಪ್ಪ ಬಿಡಲು ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಎಲೆಯಲ್ಲಿ ಅನ್ನ, ವಡೆ, ಬೀಡಿಕಟ್ಟು ಇಟ್ಟರೂ ಕಾಗೆ ಬೇಲಿ ಬಿಟ್ಟು ಇಳಿಯಲಿಲ್ಲ. ಹಾಗಾದರೆ ಸತ್ತವನಿಗೆ ಏನೋ ಆಸೆ ಉಳಿದಿದೆಯೆಂದು ನಮ್ಮವರ ನಂಬಿಕೆ; ಅದನ್ನು ತೀರಿಸುವ ಮಾತು ಕೊಡಬೇಕು.

"ನಿಮ್ಮವ್ವನ್ನ ನಾನ್ ನೋಡ್ಕತೀನಿ, ಉಣ್ಲಾ ಮಗಾ," ಎಂದರು ನನ್ನ ಗಂಡನ ಅಣ್ಣ. ನಾನು ಗಂಡನನ್ನು ಕಳೆದುಕೊಂಡಾಗಲೂ ಇದೇ ಮಾತು ಕೊಟ್ಟಿದ್ದರು. ಕಾಗೆಯೂ ನಂಬಲಿಲ್ಲ.

ಆಗ ಆಟದ ಕೋಣೆ ನಡೆಸುತ್ತಿದ್ದ ಮಾದೇವನ ಗೆಳೆಯ ನಂಜುಂಡ, ಜೇಬಿನಿಂದ ಕರಿ ಚೆಂಡು ತೆಗೆದು ಎಲೆಯ ಪಕ್ಕ ಇಟ್ಟ. "ತಕ್ಕಳ್ಲಾ, ಇದು ನಿಂದೇ. ನೀನಿಲ್ದ ಮ್ಯಾಲೆ ಆಟ ಯಾಕೆ? ಬಾಗ್ಲು ಮುಚ್ಬುಡ್ತೀನಿ."

ಕಾಗೆ ಇಳಿದು ಅನ್ನಕ್ಕೆ ಬಾಯಿ ಹಾಕಿತು. ಹೆಂಗಸರೆಲ್ಲ ಗೊಳೋ ಎಂದರು. ನನಗೆ ಅಳು ಬರಲಿಲ್ಲ.

ಸಂಜೆ ಒಲೆ ಮುಂದೆ ಅದೇ ಯೋಚನೆ. ಕಾಗೆಗೆ ಹಸಿವಾಗಿತ್ತೋ, ಮಗನಿಗೇ ಆಸೆಯಿತ್ತೋ ನಾನೇನು ಬಲ್ಲೆ? ಆಸೆಯೇ ಇತ್ತೆನ್ನಿ. ಮೇಜಿಲ್ಲದೆ, ಜೊತೆಗಾರರಿಲ್ಲದೆ, ಆ ಮಣ್ಣಿನೊಳಗೆ ಒಂಟಿ ಚೆಂಡು ಇಟ್ಟುಕೊಂಡು ಅವನು ಏನು ಮಾಡಿಯಾನು, ನೀವೇ ಹೇಳಿ. ದಿನವೂ ಅವನು ಮಾಡಿದ ಕೆಲಸ, ಅವನು ಹೋದ ವಾರದಲ್ಲೇ ಅವನ ಹೆಸರಿನಲ್ಲೇ ನಿಂತುಹೋಗುತ್ತಿತ್ತು. ಸತ್ತವರಿಗೆ ಕೊಟ್ಟದ್ದನ್ನು ಮುಟ್ಟಿದರೆ ಮನೆಗೆ ಕೇಡಂತೆ. ನನ್ನ ಮನೆಗೆ ಇನ್ನು ಆಗಬೇಕಾದ ಕೇಡು ಯಾವುದಿತ್ತು? ಅವನ ಕೈಯಿಂದಲೇ ಕಿತ್ತುಕೊಂಡ ಹಾಗಾಗುತ್ತದಲ್ಲ ಎಂಬುದೊಂದೇ ನನ್ನನ್ನು ತಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಮಣ್ಣಿನ ಮೇಲಿಂದ ಚೆಂಡನ್ನೆತ್ತಿ, ಸೆರಗಿನಲ್ಲಿ ಒರೆಸಿ, ಬಸ್ಸು ಹತ್ತಿದೆ. ಆಟದ ಕೋಣೆಯ ಬಾಗಿಲಲ್ಲಿ ಬೀಗ ಹಿಡಿದು ನಿಂತಿದ್ದ ನಂಜುಂಡ ಚೆಂಡು ಕಂಡು ಬೆಚ್ಚಿದ.

"ಅವ್ವಾ, ಅದು ಅವನ್ದು!"

"ಅವನ್ದೇ ಕಣ್ಲಾ. ಎಲ್ಲಿ ಮಡುಗ್ತಿದ್ದ, ತೋರ್ಸು."

ಹಸಿರು ಬಟ್ಟೆಯ ಮೇಲೆ ಸವೆದ ಒಂದು ಚುಕ್ಕೆ ತೋರಿಸಿದ. ನಾನೇ ಅಲ್ಲಿಟ್ಟು, ಚೆಂಡು ಅಲುಗದೆ ನಿಲ್ಲುವವರೆಗೂ ಬೆರಳು ತೆಗೆಯಲಿಲ್ಲ.